ಬಾಮೈದನ ಕಾರು ಓಡಿಸಿದರೆ ನನ್ನ ಕಾರಿನ ಇನ್ಶೂರೆನ್ಸ್ ನಡೆಯುತ್ತಾ?

ನಿಮ್ಮ ಕಾರಿಗೆ ಫುಲ್ ಇನ್ಶೂರೆನ್ಸ್ ಇದೆ, ಬಾಮೈದನ ದೊಡ್ಡ ಗಾಡಿ ತೆಗೆದುಕೊಂಡು ಮನೆಮಂದಿಯೆಲ್ಲ ಕಲಬುರಗಿಯಿಂದ ಶ್ರೀಶೈಲಕ್ಕೆ ಹೊರಟಿದ್ದೀರಿ. ನಿಮ್ಮದು ಅಲ್ಲಿ ನಡೆಯುತ್ತಾ, ಇಲ್ಲವಾದರೆ ಯಾವ ಕಂಪನಿಯದು ಮಾಡಿಸಬೇಕು ಅಂತ ಕೇಳಿದ್ದೀರಿ. ನಡೆಯಲ್ಲ. ಯಾವ ಕಂಪನಿಯದೂ ನಡೆಯಲ್ಲ. ಇದೇ ಪ್ರಶ್ನೆಯನ್ನು ನಾನೂ ಯಾರನ್ನಾದರೂ ಕೇಳಬೇಕಿತ್ತು. ಗೊತ್ತಿದೆ ಅಂದುಕೊಂಡು ಸುಮ್ಮನಿದ್ದೆ. 1,86,000 ರೂಪಾಯಿ ಬಿಲ್ ಬಂತು.

2023ರ ಡಿಸೆಂಬರ್. ಬೀದರಿನಲ್ಲಿ ನಮ್ಮ ಚಿಕ್ಕಮ್ಮನ ಮಗಳ ಮದುವೆ. ಮನೆಯಲ್ಲಿ ನಾವು ಏಳು ಜನ, ನನ್ನದು ಸಣ್ಣ ಕಾರು. ಸೇಡಂ ರೋಡಿನಲ್ಲಿ ನಮ್ಮ ಸೋದರಮಾವನ ಮನೆ ಇದೆ, ಅವರ ಹತ್ತಿರ ಏಳು ಸೀಟಿನ ಗಾಡಿ, ಎರಡು ವರ್ಷ ಹಳೆಯದು. ಕೇಳೋಕೆ ಸಂಕೋಚ ಆಗ್ತಿತ್ತು. ಮಾವ ಕೀಲಿ ಕೈಗಿಟ್ಟು, "ಒಯ್ಯೋ, ನಾ ಏನ್ ಮನ್ಯಾಗ ಇಟ್ಕೊಂಡು ಪೂಜಾ ಮಾಡ್ಲತ್ತೀನೇನು" ಅಂದರು. ಮಾವ ಹಾಗೇನೇ.

ನನಗೇನು ಧೈರ್ಯ ಅಂದರೆ, ನನ್ನ ಸಣ್ಣ ಕಾರಿಗೆ ಬಂಪರ್ ಟು ಬಂಪರ್ ಪಾಲಿಸಿ ಇತ್ತು, ಅಂದರೆ ಬಿಡಿಭಾಗಗಳ ಸವಕಳಿ ಕಳೆಯದೆ ಡ್ಯಾಮೇಜಿನ ದುಡ್ಡು ಕೊಡೋದು. ನಾನು ಓಡಿಸೋ ಗಾಡಿಗೆಲ್ಲ ಅದು ಬರುತ್ತೆ ಅಂತ ತಲೆಯಲ್ಲಿ ಕೂತಿತ್ತು. ಯಾಕೆ ಕೂತಿತ್ತು ಅಂದರೆ, ಲಂಡನ್ನಿನಲ್ಲಿರುವ ಗೆಳೆಯನೊಬ್ಬ ಯಾವಾಗಲೋ ಹೇಳಿದ್ದ, ಅಲ್ಲಿ ನಮ್ಮ ಪಾಲಿಸಿಯಲ್ಲೇ ಬೇರೆಯವರ ಕಾರು ಓಡಿಸಬಹುದು ಅಂತ. ಅವನು ಹೇಳಿದ್ದು ಸುಳ್ಳಲ್ಲ. ಅಲ್ಲಿ ಕೆಲವು ಪಾಲಿಸಿಗಳಲ್ಲಿ ಆ ಸೌಲಭ್ಯ ಇದೆ. ಆದರೆ ಅದು ಕೂಡ ಎದುರಿನವರಿಗೆ ಆದ ನಷ್ಟಕ್ಕೆ ಮಾತ್ರ, ನೀವು ಕೇಳಿ ತಂದ ಕಾರಿಗೆ ಆದ ಡ್ಯಾಮೇಜಿಗೆ ಅಲ್ಲ. ಆ ಅರ್ಧ ಅವನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಮ್ಮ ದೇಶದಲ್ಲಂತೂ ಇನ್ಶೂರೆನ್ಸ್ ಗಾಡಿಗೆ ಅಂಟಿಕೊಂಡಿರುತ್ತೆ, ಮನುಷ್ಯನಿಗಲ್ಲ. ಮಾಲೀಕರ ಒಪ್ಪಿಗೆ ಇದ್ದು, ಆ ನಮೂನೆ ಗಾಡಿ ಓಡಿಸೋ ಚಾಲ್ತಿ ಲೈಸೆನ್ಸ್ ಇದ್ದರೆ, ಯಾರು ಓಡಿಸಿದರೂ ಆ ಗಾಡಿಯ ಪಾಲಿಸಿಯೇ ನಡೆಯುತ್ತೆ. ನಿಮ್ಮದು ನಿಮ್ಮ ಮನೆ ಮುಂದೆ ನಿಂತ ಕಾರಿನ ಮೇಲೆ ಇರುತ್ತೆ.

ವಾಪಸ್ ಬರುವಾಗ ಆಗಿದ್ದು. ಹುಮನಾಬಾದ್ ದಾಟಿ ಕಮಲಾಪುರದಲ್ಲಿ ನಿಲ್ಲಿಸಿ ಕೆಂಪು ಬಾಳೆಹಣ್ಣು ತೆಗೆದುಕೊಂಡೆವು. ಅಲ್ಲಿಂದ ಹೊರಟಾಗ ಕತ್ತಲಾಗಿತ್ತು. ಮಹಾಗಾಂವ್ ಕ್ರಾಸ್ ಇನ್ನೂ ಮುಂದಿತ್ತು. ಎದುರಿಂದ ಲಾರಿಯ ಲೈಟ್ ಕಣ್ಣಿಗೆ ಬಡಿಯಿತು, ಅದು ಪಾಸಾದ ಮೇಲೆ ನೋಡಿದರೆ ಮುಂದೆ ತೊಗರಿ ಕಟ್ಟಿಗೆ ತುಂಬಿದ ಟ್ರ್ಯಾಕ್ಟರ್ ಟ್ರೇಲರ್, ಹಿಂದೆ ಒಂದು ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ. ತೊಗರಿ ಸುಗ್ಗಿಯಲ್ಲಿ ನಮ್ಮ ಕಡೆ ಇದು ಹೊಸದಲ್ಲ, ನಿಮಗೂ ಗೊತ್ತು. ಬ್ರೇಕ್ ಒತ್ತಿದೆ, ಸಾಲಲಿಲ್ಲ. ಏರ್‌ಬ್ಯಾಗ್ ತೆರೆದು ಗಾಡಿ ತುಂಬಾ ಪಟಾಕಿ ಸುಟ್ಟ ವಾಸನೆ, ಬಿಳಿ ಪುಡಿ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನಿಂದ ನಮ್ಮವ್ವ "ಎಲ್ಲಾರೂ ಅದೀರೇನ್ರೋ" ಅಂದಳು. ಎಲ್ಲರೂ ಇದ್ದೆವು. ಅವಳ ತೊಡೆ ಮೇಲಿದ್ದ ಬಾಳೆಹಣ್ಣು ಮಾತ್ರ ಜಜ್ಜಿ ಸೀರೆ ತುಂಬಾ ಆಗಿತ್ತು.

ಟ್ರೇಲರಿನ ಹಿಂದಿನ ಹಲಗೆ ಬಾಗಿತ್ತು. ಅವನಿಗೆ 6,000 ಕೊಟ್ಟು ಕಳಿಸಿದೆ. ಎದುರಿನವರ ಆಸ್ತಿ ನಷ್ಟಕ್ಕೆ ಕಾರಿನ ಥರ್ಡ್ ಪಾರ್ಟಿಯಲ್ಲಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟ ತುಂಬಿಕೊಡುವ ಇನ್ಶೂರೆನ್ಸಿನಲ್ಲಿ, 7.5 ಲಕ್ಷದವರೆಗೆ ಇರುತ್ತೆ ನಿಜ, ಆದರೆ ಒಂದು ಹಲಗೆಗೋಸ್ಕರ ಯಾರು ಅಪಘಾತ ಪರಿಹಾರದ ಟ್ರಿಬ್ಯುನಲ್ಲಿಗೆ ಓಡಾಡುತ್ತಾರೆ.

ರಸ್ತೆ ಪಕ್ಕ ನಿಂತುಕೊಂಡೇ ನನ್ನ ಏಜೆಂಟನಿಗೆ ಫೋನ್ ಹಚ್ಚಿದೆ. ಗಾಡಿ ನಂಬರ್ ಹೇಳ್ರಿ ಅಂದ. ಹೇಳಿದೆ. "ಇದು ನಿಮ್ ಗಾಡಿ ಅಲ್ಲಲ್ರೀ ಸರ" ಅಂದ. ಅಲ್ಲ, ಮಾವಂದು, ಆದರೆ ಓಡಿಸಿದ್ದು ನಾನು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾವರ ಪಾಲಿಸಿ ನೋಡ್ರಿ ಹಂಗಾರ" ಅಂದ. ಸರಿ, ಮಾವಂದು ಇದೆಯಲ್ಲ ಅಂತ ಸಮಾಧಾನ ಆಯಿತು. ಯಾಕಂದರೆ ಅದನ್ನು ನಾನು ಹೊರಡುವ ಮುಂಚೆಯೇ ನೋಡಿದ್ದೆ.

ನನ್ನ ತಪ್ಪು ಇರೋದು ಈ ನೋಡಿದ್ದರಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರಾಗಬೇಡಿ, ಇದೊಂದು ತಿಳಿದರೆ ಉಳಿದದ್ದು ಓದದಿದ್ದರೂ ನಡೆಯುತ್ತೆ. ಡ್ಯಾಶ್‌ಬೋರ್ಡಿನಲ್ಲಿ ಆ ಪಾಲಿಸಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದರು, ಆಯುಧ ಪೂಜೆಯ ಕುಂಕುಮ ಬಿದ್ದು ಮೂಲೆ ಕೆಂಪಾಗಿತ್ತು. ಮೇಲೆ ದಪ್ಪಕ್ಷರದಲ್ಲಿ ಪ್ಯಾಕೇಜ್ ಪಾಲಿಸಿ ಅಂತ ಇತ್ತು, ಅಂದರೆ ಎದುರಿನವರ ನಷ್ಟ, ಗಾಡಿಯ ಡ್ಯಾಮೇಜ್ ಎರಡೂ ಸೇರಿದ್ದು. ಕೆಳಗೆ ತಾರೀಖು 3-11-2024ರವರೆಗೆ. ಇನ್ನೂ 11 ತಿಂಗಳು ಇದೆಯಲ್ಲ ಅಂತ ಒಳಗಿಟ್ಟೆ. ಗಾಡಿಯ ದಾಖಲೆ ತೋರಿಸೋ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲೂ ನೋಡಿದೆ, ಅಲ್ಲೂ ಚಾಲ್ತಿ ಅಂತಲೇ ಇತ್ತು. ನಾನೇ ಶಾಣ್ಯಾ ಅಂದುಕೊಂಡೆ.

ಆ ಪೇಪರಿನಲ್ಲಿ ಇದ್ದದ್ದು ಒಂದಲ್ಲ, ಎರಡು ತಾರೀಖು. 2018ರ ಸೆಪ್ಟೆಂಬರ್ 1ರಿಂದ ಸುಪ್ರೀಂ ಕೋರ್ಟ್ ಆದೇಶದಂತೆ ಹೊಸ ಕಾರು ತೆಗೆದುಕೊಂಡರೆ 3 ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಕಟ್ಟಲೇಬೇಕು, ಬೈಕಿಗೆ 5 ವರ್ಷ. ಆದರೆ ಗಾಡಿಗೇ ಆಗುವ ಡ್ಯಾಮೇಜಿನ ಭಾಗವನ್ನು, ಓನ್ ಡ್ಯಾಮೇಜ್ ಅಂತಾರಲ್ಲ ಅದನ್ನು, ಜನ ಸಾಮಾನ್ಯವಾಗಿ ಒಂದೇ ವರ್ಷಕ್ಕೆ ತೆಗೆದುಕೊಳ್ಳುತ್ತಾರೆ, ಆಮೇಲೆ ವರ್ಷ ವರ್ಷ ಬೇರೆಯಾಗಿ ಕಟ್ಟಬೇಕು. ಮಾವ ಗಾಡಿ ತೆಗೆದುಕೊಂಡದ್ದು 2021ರ ದೀಪಾವಳಿಗೆ. ಥರ್ಡ್ ಪಾರ್ಟಿ 2024ರ ನವೆಂಬರ್‌ವರೆಗೆ ಇತ್ತು. ಓನ್ ಡ್ಯಾಮೇಜ್ 2022ರ ನವೆಂಬರ್‌ನಲ್ಲೇ ಮುಗಿದಿತ್ತು. ಎರಡೂ ಒಂದೇ ಪೇಪರಿನಲ್ಲಿ, ಒಂದರ ಕೆಳಗೆ ಒಂದು, ಎರಡು ಸಾಲಿನಲ್ಲಿ. ಕುಂಕುಮ ಬಿದ್ದದ್ದು ಮೇಲಿನ ಸಾಲಿನ ಮೇಲೆ. ಆದರೆ ಕುಂಕುಮದ ನೆಪ ಹೇಳಲ್ಲ, ಓದಬೇಕು ಅಂದಿದ್ದರೆ ಕಾಣುತ್ತಿತ್ತು. ಪೊಲೀಸರು ಹಿಡಿದರೆ ತೋರಿಸೋಕೆ, ಆ್ಯಪಿನಲ್ಲಿ ಚಾಲ್ತಿ ಅಂತ ಬರೋಕೆ ಥರ್ಡ್ ಪಾರ್ಟಿ ಒಂದೇ ಸಾಕು, ಕಾನೂನಿಗೆ ಬೇಕಾಗಿರೋದು ಅಷ್ಟೇ. ಮುರಿದ ಬಾನೆಟ್ಟಿಗೆ ಅದು ಒಂದು ರೂಪಾಯಿಯನ್ನೂ ಕೊಡಲ್ಲ.

ಮಾವನಿಗೂ ಗೊತ್ತಿರಲಿಲ್ಲ. ರಿನ್ಯೂವಲ್ಲಿಗೆ ಅಂತ ಫೋನ್ ಬಂದಾಗ "ಮೂರು ವರ್ಷದ್ದು ಅದಲ್ರೀ, ಸುಳ್ಳ ಯಾಕ ತಲಿ ತಿಂತೀರಿ" ಅಂತ ಬೈದು ಇಟ್ಟಿದ್ದರಂತೆ. ಆ ಕಂತು ಹದಿನೈದು ಸಾವಿರದ ಆಸುಪಾಸು ಇರುತ್ತಿತ್ತು.

ಗ್ಯಾರೇಜಿನವನು ಒಂದು ದಾರಿ ಹೇಳಿದ. ಇವತ್ತೇ ಹೊಸ ಪಾಲಿಸಿ ಮಾಡಿಸ್ರಿ, ಹದಿನೈದು ದಿನ ಬಿಟ್ಟು ಗುದ್ದಿದ್ದು ಅಂತ ಬರೆಯೂನು ಅಂತ. ಸುಳ್ಳು ಹೇಳಲ್ಲ, ಅರ್ಧ ದಿನ ಯೋಚನೆ ಮಾಡಿದೆ. ಆದರೆ ಪಾಲಿಸಿ ಬಿಟ್ಟುಹೋದ ಗಾಡಿಗೆ ಹೊಸದು ಕೊಡುವ ಮುಂಚೆ ಫೋಟೋ, ವಿಡಿಯೋ ಕೇಳುತ್ತಾರೆ, ಸಿಕ್ಕಿಬಿದ್ದರೆ ಕೇಸು. ಅದೂ ಮಾವನ ಹೆಸರಿನಲ್ಲಿ. ಬೇಡ ಅಂದೆ. ಮಾವ "ನನ್ ಗಾಡಿ, ನಾ ನೋಡ್ಕೋತೀನಿ ಬಿಡೋ" ಅಂದರು. ಅತ್ತೆ ಏನೂ ಅನ್ನದೆ ಚಹಾ ತಂದಿಟ್ಟು ಒಳಗೆ ಹೋದರು. ಆ ಚಹಾ ಕುಡಿದವನು ದುಡ್ಡು ಕೊಡದೆ ಇರೋಕಾಗಲ್ಲ. ಚೀಟಿ ಎತ್ತಿ ಪೂರ್ತಿ ನಾನೇ ಕಟ್ಟಿದೆ.

ಇನ್ನು ನಿಮ್ಮ ವಿಷಯ. ಯಾವ ಕಂಪನಿ ಅಂತ ಕೇಳೋದೇ ಬಿಡಿ. 2022ರಲ್ಲಿ ಒಂದೇ ಪಾಲಿಸಿಯಲ್ಲಿ ಹಲವು ಗಾಡಿ ಸೇರಿಸೋ ಫ್ಲೋಟರ್‌ಗೆ ಇನ್ಶೂರೆನ್ಸ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ಒಪ್ಪಿಗೆ ಕೊಟ್ಟಿತು, ಯಾರಾದರೂ ಏಜೆಂಟ್ ಅದನ್ನು ತೋರಿಸಬಹುದು. ಅದು ಒಬ್ಬರದೇ ಹೆಸರಿನಲ್ಲಿರುವ ಗಾಡಿಗಳಿಗೆ. ಬಾಮೈದನ ಗಾಡಿ ಅದರಲ್ಲಿ ಬರಲ್ಲ. ನೀವು ನೋಡಬೇಕಾಗಿರೋದು ಬಾಮೈದನ ಪಾಲಿಸಿಯನ್ನು, ಅದರಲ್ಲಿ ಓನ್ ಡ್ಯಾಮೇಜಿನ ತಾರೀಖನ್ನು. ಪಿಡಿಎಫ್ ಕಳಿಸು ಅನ್ನಿ. ಬೇಜಾರು ಮಾಡಿಕೊಳ್ಳುತ್ತಾನೆ ಅಂತ ಸುಮ್ಮನಿರಬೇಡಿ, ಗಾಡಿ ಕೇಳೋಕೆ ಇಲ್ಲದ ಸಂಕೋಚ ಪೇಪರ್ ಕೇಳೋಕೆ ಯಾಕೆ? ಮುಗಿದಿದ್ದರೆ ನೀವೇ ದುಡ್ಡು ಕೊಟ್ಟು ಮಾಡಿಸಿ ಹೊರಡಿ. ಆಂಧ್ರ, ತೆಲಂಗಾಣ ಅಂತ ಭೇದ ಇಲ್ಲ, ದೇಶದ ತುಂಬಾ ನಡೆಯುತ್ತೆ.

ಆರ್‌ಸಿಯಲ್ಲಿ ಯಾರ ಹೆಸರಿದೆ ಅಂತಲೂ ನೋಡಿ. ನಮ್ಮ ಕಡೆ ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ತಂದು ವರ್ಷಗಟ್ಟಲೆ ಅದೇ ನಂಬರ್ ಪ್ಲೇಟಿನಲ್ಲಿ, ಹಳೇ ಮಾಲೀಕನ ಹೆಸರಿನಲ್ಲೇ ಓಡಿಸೋರು ಎಷ್ಟು ಜನ ಬೇಕು. ಕೊಂಡ 14 ದಿನದೊಳಗೆ ಇನ್ಶೂರೆನ್ಸ್ ಕಂಪನಿಗೂ ತಿಳಿಸಿ ಹೆಸರು ಬದಲಾಯಿಸಿಕೊಳ್ಳಬೇಕು, ಇಲ್ಲಾಂದ್ರೆ ಡ್ಯಾಮೇಜ್ ಕ್ಲೇಮಿಗೆ ತಕರಾರು ಗ್ಯಾರಂಟಿ. ಪೆಟ್ರೋಲ್ ಹಾಕಿಸಿ, ಪ್ರಸಾದ ತಂದುಕೊಡಿ, ಆದರೆ ಬಾಡಿಗೆ ಅಂತ ದುಡ್ಡು ಕೊಡಬೇಡಿ. ಬಿಳಿ ಬೋರ್ಡಿನ ಗಾಡಿ ಬಾಡಿಗೆಗೆ ಓಡಿತು ಅಂತಾದರೆ ಅಲ್ಲಿಗೆ ಕ್ಲೇಮ್ ಮುಗೀತು. ಇನ್ನೊಂದು, ನಿಮ್ಮ ಕೈಯಲ್ಲಿ ಗುದ್ದಿ ಬಾಮೈದ ಕ್ಲೇಮ್ ಹಾಕಿದರೂ ಅವನ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಓನ್ ಡ್ಯಾಮೇಜ್ ಕಂತಿನಲ್ಲಿ ಸಿಗುವ ರಿಯಾಯಿತಿ, ಹೋಗುತ್ತೆ. ಐದು ವರ್ಷ ಕ್ಲೇಮ್ ಮಾಡದವನಿಗೆ ಅದು ಶೇಕಡಾ 50ರವರೆಗೆ ಇರುತ್ತೆ. ಅದರ ಲೆಕ್ಕ ಅವನು ಕೇಳಲ್ಲ, ನಿಮ್ಮ ಹೆಂಡತಿ ಕೇಳುತ್ತಾಳೆ.

ನಮ್ಮ ಜನ ಯೋಚನೆಯನ್ನೇ ಮಾಡದ ಒಂದು ವಿಷಯ ಇದೆ. ಆ ಗಾಡಿಯಲ್ಲಿ ನಿಮಗೇ ಏನಾದರೂ ಆದರೆ? ಪಾಲಿಸಿ ಜೊತೆ ಬರುವ 15 ಲಕ್ಷದ ಅಪಘಾತ ವಿಮೆ ಮಾಲೀಕನೇ ಓಡಿಸುವಾಗ, ಮಾಲೀಕನಿಗೆ. ನೀವು ಮಾಲೀಕರಲ್ಲ. ಹಾಗಂತ ಥರ್ಡ್ ಪಾರ್ಟಿಯೂ ಅಲ್ಲ. ನಮ್ಮ ರಾಜ್ಯದ್ದೇ ಒಂದು ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು, 2009ರಲ್ಲಿ ತೀರ್ಪು ಬಂತು. ಒಬ್ಬರು ಬೇರೆಯವರ ಬೈಕ್ ತೆಗೆದುಕೊಂಡು ಇಳಕಲ್ಲಿನಿಂದ ಊರಿಗೆ ಹೋಗುವಾಗ ಮುಂದಿದ್ದ ಎತ್ತಿನ ಗಾಡಿಗೆ ಬಡಿದು ತೀರಿಕೊಂಡಿದ್ದರು. ಗಾಡಿ ಕೇಳಿ ಪಡೆದವನು ಮಾಲೀಕನ ಜಾಗದಲ್ಲೇ ನಿಂತ ಹಾಗೆ, ಆದ್ದರಿಂದ ತಪ್ಪು ಯಾರದು ಅಂತ ನೋಡದೆ ಪರಿಹಾರ ಕೊಡುವ ಕಲಂನಲ್ಲಿ ಅವನ ಮನೆಯವರು ಕೇಳುವಂತಿಲ್ಲ ಅಂತ ಕೋರ್ಟ್ ಹೇಳಿತು. ಎತ್ತಿನ ಗಾಡಿ ಅಂತ ಓದಿದಾಗ ನನಗೆ ಆ ಟ್ರೇಲರ್ ಕಣ್ಣ ಮುಂದೆ ಬಂತು. ಅವತ್ತು ಸಂಜೆಯೇ ಗಾಡಿಗೆ ಸಂಬಂಧ ಇಲ್ಲದ ಬೇರೆ ಅಪಘಾತ ವಿಮೆ ಮಾಡಿಸಿದೆ, ನನ್ನ ಹೆಸರಿಗೆ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕತ್ತರಿಸೋ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಇದೆಯಲ್ಲ, 2 ಲಕ್ಷದ್ದು, ಅದನ್ನೂ. ಯಾರ ಗಾಡಿಯಲ್ಲಿ ಕೂತರೂ ನಮ್ಮ ಜೊತೆ ಬರೋದು ಅಂಥದ್ದು ಮಾತ್ರ. ನಿಮ್ಮ ಪ್ರಶ್ನೆಗೆ ಯಾವುದಾದರೂ ಕೊಳ್ಳಲೇಬೇಕು ಅನ್ನೋದಾದರೆ ಅದನ್ನು ಕೊಳ್ಳಿ.

ಮಾವ ಈಗಲೂ ಗಾಡಿ ಕೊಡುತ್ತಾರೆ. ಕೀಲಿ ಕೊಡುವ ಮುಂಚೆ ಪೇಪರ್ ಮುಂದೆ ಹಿಡಿದು "ಎರಡೂ ತಾರೀಖು ಓದಪ್ಪಾ ಸಾಹೇಬ" ಅಂತಾರೆ, ಅತ್ತೆಗೆ ಕೇಳಿಸೋ ಹಾಗೆ.

ಅಂದ ಹಾಗೆ ಮಹಬೂಬ್‌ನಗರ, ಅಚ್ಚಂಪೇಟ ಮೇಲೆ ಹೋಗ್ತೀರಾದರೆ, ಮನ್ನನೂರಿನ ಹತ್ತಿರ ಕಾಡಿನ ಚೆಕ್‌ಪೋಸ್ಟ್ ರಾತ್ರಿ 9ಕ್ಕೆ ಮುಚ್ಚಿದರೆ ಮತ್ತೆ ಬೆಳಿಗ್ಗೆ 6ಕ್ಕೇ ತೆರೆಯೋದು. ಮಕ್ಕಳನ್ನು ಕಟ್ಟಿಕೊಂಡು ಗೇಟಿನ ಮುಂದೆ ರಾತ್ರಿ ಕಳೆಯಬೇಡಿ, ಕಲಬುರಗಿಯಿಂದ ನಸುಕಿನಲ್ಲೇ ಹೊರಡಿ.