ಗಲಗಲ ಎನ್ನುವ ಚೆಂಡು

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ. ಹುಟ್ಟಿನಿಂದ ಕಣ್ಣು ಮಂದ. ಅಂಧ ಮಹಿಳೆಯರ ಕ್ರಿಕೆಟ್ ತಂಡ ವಿಶ್ವಕಪ್ ಗೆದ್ದ ಸುದ್ದಿ ಕೇಳಿದಾಗಿನಿಂದ ‘ನಾನೂ ಆಡ್ತೀನಿ’ ಎಂದು ಹಟ ಹಿಡಿದಿದ್ದಾಳೆ. ಕಣ್ಣು ಕಾಣದೆ ಚೆಂಡು ಹೊಡೆಯೋದು ಹೇಗೆ? ಪೂರ್ತಿ ಕಾಣದವರು ಹೊಡೆದ ರನ್ನು ಎರಡರಷ್ಟು ಲೆಕ್ಕವಂತೆ. ಅದು ಕನಿಕರಕ್ಕೆ ಕೊಡೋದು ಅಂತಾರೆ ನಮ್ಮ ಮನೆಯವರು. ಹೌದಾ?
– ಒಬ್ಬ ತಾಯಿ, ಹಾಸನ

ಉತ್ತರ: ಕನಿಕರ ಅಲ್ಲ ತಾಯಿ. ಯಾಕೆ ಅಲ್ಲ ಅಂತ ಹೇಳ್ತೀನಿ.

ನಾನು ಆಟದ ಮೇಷ್ಟ್ರು. ಅಂಧ ಮಕ್ಕಳ ಶಾಲೆಯೊಂದರಲ್ಲಿ ಕೆಲವು ವರ್ಷ ಆಡಿಸಿದ್ದೇನೆ. ಇವರ ಚೆಂಡು ಗಟ್ಟಿ ಪ್ಲಾಸ್ಟಿಕ್‌ನದು. ಒಳಗೆ ಲೋಹದ ಸಣ್ಣ ಗುಂಡುಗಳಿರುತ್ತವೆ. ಉರುಳಿದರೆ ಗಲಗಲ ಅನ್ನುತ್ತದೆ. ಬೌಲಿಂಗ್ ಕೆಳಗೈಯಿಂದ. ಮೊದಲು ಬೌಲರ್ ‘ರೆಡಿ?’ ಎಂದು ಕೇಳಬೇಕು, ಬ್ಯಾಟಿಂಗ್‌ನವಳು ‘ಎಸ್’ ಎನ್ನಬೇಕು. ಕೈಯಿಂದ ಚೆಂಡು ಬಿಡುವಾಗ ಬೌಲರ್ ‘ಪ್ಲೇ’ ಅಂತ ಕೂಗಬೇಕು.

ಒಂದು ದಿನ ಕಣ್ಣಿಗೆ ಟವೆಲ್ ಕಟ್ಟಿಕೊಂಡು ನಾನೇ ಬ್ಯಾಟ್ ಹಿಡಿದು ನಿಂತೆ. ಆರು ಎಸೆತ. ಸದ್ದು ಚೆನ್ನಾಗಿಯೇ ಕೇಳುತ್ತಿತ್ತು, ಎಷ್ಟು ದೂರದಲ್ಲಿದೆ ಅನ್ನೋದು ಮಾತ್ರ ತಿಳಿಯಲಿಲ್ಲ. ಆರೂ ನನ್ನನ್ನು ದಾಟಿ ಹೋದವು. ಆಮೇಲೆ ಏಳನೇ ತರಗತಿಯ ಹುಡುಗಿಯೊಬ್ಬಳು ಬಂದಳು. ಅವಳಿಗೆ ಬೆಳಕೂ ಕಾಣದು. ಒಂದು ಮಂಡಿ ಊರಿದಳು, ಬ್ಯಾಟನ್ನು ನೆಲಕ್ಕೆ ಒತ್ತಿ ಅಡ್ಡ ಬೀಸಿದಳು. ಚೆಂಡು ಬೇಲಿಗೆ ಹೋಗಿ ಬಡಿಯಿತು. ‘ಹತ್ರ ಬಂದಾಗ ಸದ್ದು ದಪ್ಪ ಆಗುತ್ತೆ ಸಾರ್’ ಎಂದಳು. ಚೆಂಡು ನೆಲಕ್ಕೆ ಅಂಟಿಕೊಂಡೇ ಬರುವುದರಿಂದ ಈ ಆಟದಲ್ಲಿ ಹೀಗೆ ಮಂಡಿಯೂರಿ ಅಡ್ಡ ಬೀಸುವ ಸ್ವೀಪೇ ಜಾಸ್ತಿ.

ಇನ್ನು ರನ್ನಿನ ವಿಷಯ. ಆಟಗಾರರಲ್ಲಿ ಮೂರು ವರ್ಗ. ಪೂರ್ತಿ ಕಾಣದವರು ಬಿ1. ತುಸು ಕಾಣುವವರು ಬಿ2, ಇನ್ನಷ್ಟು ಕಾಣುವವರು ಬಿ3. 11 ಜನರಲ್ಲಿ ಕನಿಷ್ಠ 4 ಮಂದಿ ಬಿ1 ಇರಲೇಬೇಕು. ಅವರ ರನ್ನಿಗೆ ಎರಡರಷ್ಟು ಲೆಕ್ಕ ಇಲ್ಲದಿದ್ದರೆ ಏನಾಗುತ್ತಿತ್ತು? ನಾಯಕರು ಅವರನ್ನು ಕೊನೆಗೆ ಇಳಿಸಿ ಸುಮ್ನೆ ಕೂರಿಸುತ್ತಿದ್ದರು. ಈಗ ಹಾಗಿಲ್ಲ. ಬಿ1 ಆಟಗಾರ್ತಿಯ ಒಂದು ಬೌಂಡರಿ ಅಂದರೆ 8 ರನ್. ಅವಳಿಗೆ ಬೌಲಿಂಗ್ ಮಾಡುವಾಗ ಎದುರಾಳಿಗೂ ಭಯ. ಇದು ಕನಿಕರವಾ, ನೀವೇ ಹೇಳಿ.

ಫೀಲ್ಡಿಂಗ್ ಅದಕ್ಕಿಂತ ಕಷ್ಟ. ಚೆಂಡು ನಿಂತರೆ ಸದ್ದೂ ನಿಂತಿತು. ಅದು ಉರುಳುತ್ತಿರುವಾಗಲೇ ಹಿಡಿಯಬೇಕು. ಅದಕ್ಕೇ ಹುಡುಗಿಯರು ಸದ್ದಿಗೆ ಅಡ್ಡಲಾಗಿ ಹುಲ್ಲಿನ ಮೇಲೆ ಉದ್ದಕ್ಕೆ ಬಿದ್ದು ಮೈಯಿಂದಲೇ ತಡೆಯುತ್ತಾರೆ. ಮೊಣಕೈ ತರಚುತ್ತದೆ. ಮಗಳಿಗೆ ತುಂಬು ತೋಳಿನ ಅಂಗಿ ಹಾಕಿಸಿ.

ನೀವು ಹೇಳಿದ ವಿಶ್ವಕಪ್ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್. 2025ರ ನವೆಂಬರ್ 23ರಂದು ಕೊಲಂಬೊದಲ್ಲಿ ಫೈನಲ್ ನಡೆಯಿತು. ನಮ್ಮವರು ನೇಪಾಳವನ್ನು 7 ವಿಕೆಟ್‌ಗಳಿಂದ ಸೋಲಿಸಿದರು. ನಾಯಕಿ ದೀಪಿಕಾ ಟಿ.ಸಿ. ಕರ್ನಾಟಕದ ಪರ ಆಡುವವರು. ಇದೇ ಮಹಿಳಾ ತಂಡ 2023ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದ ಅಂಧರ ವಿಶ್ವ ಕ್ರೀಡಾಕೂಟದಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿ ಚಿನ್ನ ಗೆದ್ದಿತ್ತು. ಪುರುಷರ ತಂಡಕ್ಕೆ 2012ರಲ್ಲೇ ಟಿ20 ವಿಶ್ವಕಪ್ ಬಂದಿದೆ. ಆಗ ನಾಯಕರಾಗಿದ್ದವರು ನಮ್ಮ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್. ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಇವರ ಹೆಸರು ನಮ್ಮ ಎಷ್ಟು ಶಾಲೆಗಳಲ್ಲಿ ಹೇಳಿಕೊಡುತ್ತಾರೆ? ನನಗೆ ಅದೇ ನೋವು.

ಮಗಳನ್ನು ಮೊದಲು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿ. ದೃಷ್ಟಿ ಎಷ್ಟಿದೆ ಅಂತ ಬರೆಸಿಕೊಳ್ಳಿ, ಯಾವ ವರ್ಗ ಎಂದು ತಿಳಿಯಲು ಅದು ಬೇಕು. ಭಾರತದ ಅಂಧರ ಕ್ರಿಕೆಟ್ ಸಂಸ್ಥೆಯ ಕಚೇರಿ ಬೆಂಗಳೂರಿನಲ್ಲೇ ಇದೆ, ವಿಚಾರಿಸಿ. ಮನೆಯವರನ್ನೂ ಒಂದು ಪಂದ್ಯಕ್ಕೆ ಕರೆದುಕೊಂಡು ಹೋಗಿ. ಚೆಂಡು ಉರುಳುತ್ತಿರುವಾಗ ಮಾತ್ರ ಚಪ್ಪಾಳೆ ಬೇಡ ಅಂತ ಮೊದಲೇ ಹೇಳಿಡಿ. ಆ ಹೊತ್ತಿಗೆ ಮಕ್ಕಳಿಗೆ ಸದ್ದು ಕೇಳಬೇಕಲ್ವಾ.