ಹಿಮದ ಮೇಲೆ ಸ್ನೋಮೊಬೈಲ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹಲವು ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ಮೋಟಾರು ಬಂಡಿಯ ಸವಾರಿಯನ್ನು ಕುರಿತವು. ಕೆಲವನ್ನು ಮಕ್ಕಳು ಅಮೆರಿಕದಲ್ಲಿ ನೆಲೆಸಿರುವ ತಂದೆತಾಯಿಯರು ಬರೆದಿದ್ದಾರೆ, ಕೆಲವನ್ನು ಗುಲ್ಮಾರ್ಗ್ ಪ್ರವಾಸಕ್ಕೆ ಸಿದ್ಧತೆ ನಡೆಸಿರುವವರು. ವಿಷಯ ಒಂದೇ ಆದ್ದರಿಂದ ಇವನ್ನೆಲ್ಲ ಒಟ್ಟಿಗೇ ಉತ್ತರಿಸುತ್ತಿದ್ದೇವೆ.

ಪ್ರಶ್ನೆ: ನನ್ನ ಮಗ ಅಮೆರಿಕದ ಮಿನೆಸೋಟಾದಲ್ಲಿ ಎಂಜಿನಿಯರ್. ಚಳಿಗಾಲದ ವಾರಾಂತ್ಯಗಳಲ್ಲಿ ಗೆಳೆಯರ ಜೊತೆ ಸ್ನೋಮೊಬೈಲ್ ಓಡಿಸಲು ಹೋಗುತ್ತಾನೆ. ಹೆಪ್ಪುಗಟ್ಟಿದ ಸರೋವರದ ಮೇಲೂ ಓಡಿಸುತ್ತಾರಂತೆ. ಅವನು ಕಳುಹಿಸಿದ ವಿಡಿಯೊ ನೋಡಿ ನನಗೆ ದಿಗಿಲಾಯಿತು. ಬೇಡವೆಂದರೆ ‘ಇಲ್ಲಿ ಎಲ್ಲರೂ ಓಡಿಸ್ತಾರಮ್ಮ’ ಎನ್ನುತ್ತಾನೆ. ನಾನು ಸುಮ್ಮನೆ ಹೆದರುತ್ತಿದ್ದೇನೆಯೇ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ನೀವು ಸುಮ್ಮನೆ ಹೆದರುತ್ತಿಲ್ಲ, ನಿಮ್ಮ ಮಗ ಸುಳ್ಳನ್ನೂ ಹೇಳುತ್ತಿಲ್ಲ. ಮಿನೆಸೋಟಾದಲ್ಲಿ ಸ್ನೋಮೊಬೈಲಿಗೆಂದೇ ಮೀಸಲಾದ ಹಾದಿಗಳ ಒಟ್ಟು ಉದ್ದ ಸುಮಾರು 35,000 ಕಿಲೋಮೀಟರ್. ಅವುಗಳಲ್ಲಿ ಬಹುಪಾಲನ್ನು ಊರೂರಿನ ಸವಾರರ ಕ್ಲಬ್ಬುಗಳೇ ನೋಡಿಕೊಳ್ಳುತ್ತವೆ. ಸದಸ್ಯರು ರಾತ್ರಿ ಹೊತ್ತು ಯಂತ್ರ ಎಳೆದು ಹಿಮವನ್ನು ಸಮ ಮಾಡುತ್ತಾರೆ. ತಿಂಗಳುಗಟ್ಟಲೆ ನೆಲವೇ ಕಾಣದ ಆ ಸೀಮೆಯಲ್ಲಿ, ಬೇಸಿಗೆಯಲ್ಲಿ ಕಾಲಿಡಲಾಗದ ಜೌಗನ್ನೂ ಪೈನ್ ಕಾಡಿನ ಒಳಭಾಗವನ್ನೂ ಒಂದೇ ದಿನದಲ್ಲಿ ಹಾದು ಬರುವ ಸಂತೋಷ ನಿಜವಾದದ್ದು. ಅದನ್ನು ಹುಡುಗಾಟವೆಂದು ತಳ್ಳಿಹಾಕಿದರೆ ಮಗ ನಿಮ್ಮ ಮಾತಿಗೆ ಕಿವಿಗೊಡುವುದಿಲ್ಲ. ಆದ್ದರಿಂದ ‘ಹೋಗಬೇಡ’ ಎನ್ನುವುದನ್ನು ಬಿಟ್ಟು, ಎಲ್ಲಿ ಹೋಗುತ್ತೀಯೆ, ಎಷ್ಟು ಹೊತ್ತಿಗೆ ಹೋಗುತ್ತೀಯೆ, ಯಾರ ಜೊತೆ ಹೋಗುತ್ತೀಯೆ ಎಂದು ಕೇಳುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಸರೋವರದ ವಿಚಾರ. ಅಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುವಂತೆ, ಹೊಸದಾಗಿ ಕಟ್ಟಿದ ಪಾರದರ್ಶಕ ಮಂಜುಗಡ್ಡೆ ಮನುಷ್ಯ ನಡೆಯಲು ಕನಿಷ್ಠ 4 ಇಂಚು, ಸ್ನೋಮೊಬೈಲ್ ಓಡಲು ಕನಿಷ್ಠ 5ರಿಂದ 7 ಇಂಚು ದಪ್ಪವಿರಬೇಕು. ಹಿಮ ಕರಗಿ ಮತ್ತೆ ಗಟ್ಟಿಯಾಗಿ ಬೆಳ್ಳಗೆ ಕಾಣುವ ಗಡ್ಡೆಗೆ ಅಷ್ಟು ಬಲವಿಲ್ಲವಾದ್ದರಿಂದ ಅದರ ಎರಡರಷ್ಟು ದಪ್ಪ ಬೇಕು. ಇಷ್ಟು ಹೇಳಿದ ಇಲಾಖೆಯೇ, ಯಾವ ಮಂಜುಗಡ್ಡೆಯೂ ಪೂರ್ಣ ಸುರಕ್ಷಿತವಲ್ಲ ಎಂದೂ ಎಚ್ಚರಿಸುತ್ತದೆ. ಏಕೆಂದರೆ ಒಂದೇ ಸರೋವರದಲ್ಲಿ ದಪ್ಪ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. ತೊರೆ ಬಂದು ಸೇರುವ ಕಡೆ, ತಳದಲ್ಲಿ ಊಟೆಯಿರುವ ಕಡೆ, ಸೇತುವೆಯ ಕೆಳಗೆ, ಎರಡು ಸರೋವರಗಳನ್ನು ಕೂಡಿಸುವ ಕಾಲುವೆಯಲ್ಲಿ ನೀರು ಚಲಿಸುತ್ತಲೇ ಇರುವುದರಿಂದ ಗಡ್ಡೆ ತೆಳುವಾಗಿಯೇ ಉಳಿಯುತ್ತದೆ. ಮೇಲೆ ಬಿದ್ದ ಹಿಮ ಗಡ್ಡೆಗೆ ಚಳಿ ತಾಗದಂತೆ ತಡೆದು ಅದು ಬಲಿಯುವುದನ್ನು ನಿಧಾನಗೊಳಿಸುತ್ತದೆ. ಜೊತೆಗೆ ಬಿರುಕನ್ನೂ ತೆಳು ಜಾಗವನ್ನೂ ಸವಾರನ ಕಣ್ಣಿನಿಂದ ಮರೆಮಾಡುತ್ತದೆ. ನಿನ್ನೆ ಯಾರೋ ಹೋದ ಜಾಡು ಇವತ್ತಿಗೆ ಭರವಸೆಯಾಗುವುದಿಲ್ಲ.

ಎರಡನೆಯದು ಕತ್ತಲೆ. ಮಿನೆಸೋಟಾದ ಸಾರ್ವಜನಿಕ ಜಾಗಗಳಲ್ಲಿ ಸ್ನೋಮೊಬೈಲಿನ ಗರಿಷ್ಠ ವೇಗ ಗಂಟೆಗೆ 50 ಮೈಲಿ, ಅಂದರೆ 80 ಕಿಲೋಮೀಟರ್. ಆ ವೇಗದಲ್ಲಿ ವಾಹನ ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ದೀಪದ ಬೆಳಕು ಸುಮಾರು 60 ಮೀಟರ್ ದೂರ ತೋರಿಸಿತು ಎಂದುಕೊಂಡರೂ, ಎದುರಿಗೆ ಕಂಡ ತಂತಿ ಬೇಲಿಯನ್ನೋ ಒಡೆದ ಗಡ್ಡೆಯನ್ನೋ ಮುಟ್ಟಲು ಮೂರು ಸೆಕೆಂಡು ಕೂಡ ಉಳಿಯುವುದಿಲ್ಲ, ಅದರಲ್ಲಿ ಒಂದೂವರೆ ಸೆಕೆಂಡು ಕಂಡದ್ದೇನೆಂದು ತಿಳಿಯಲು ಕಳೆದುಹೋಗುತ್ತದೆ. ಗಡ್ಡೆಯ ಮೇಲೆ ಬ್ರೇಕ್ ಹಿಡಿದರೆ ವಾಹನ ನಿಲ್ಲುವ ಬದಲು ಜಾರುತ್ತದೆ. ಇದರ ಜೊತೆಗೆ ಹಾದಿಬದಿಯ ಬಾರುಗಳಲ್ಲಿ ನಿಂತು ಕುಡಿದು ಮುಂದೆ ಸಾಗುವ ರೂಢಿಯೂ ಆ ಭಾಗದಲ್ಲಿದೆ. ಸಾವುಗಳ ತನಿಖೆಯಲ್ಲಿ ಅಧಿಕಾರಿಗಳು ಮತ್ತೆ ಮತ್ತೆ ಗುರುತಿಸುವ ಕಾರಣಗಳು ಮದ್ಯ ಮತ್ತು ಅತಿವೇಗ. ಕುಡಿದ ಗೆಳೆಯರ ಜೊತೆ ರಾತ್ರಿ ಸರೋವರಕ್ಕೆ ಇಳಿಯುವುದಿಲ್ಲ ಎಂಬ ಒಂದು ಮಾತನ್ನು ಮಗನಿಂದ ಪಡೆದುಕೊಳ್ಳಿ. ಉಳಿದದ್ದರಲ್ಲಿ ನೀವು ಸ್ವಲ್ಪ ಬಿಟ್ಟುಕೊಟ್ಟರೂ ಇದರಲ್ಲಿ ಬಿಟ್ಟುಕೊಡಬೇಡಿ.

ಗಡ್ಡೆ ಒಡೆದು ನೀರಿಗೆ ಬಿದ್ದರೆ ಏನು ಮಾಡಬೇಕೆಂಬುದೂ ಅವನಿಗೆ ಗೊತ್ತಿರಬೇಕು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ತಣ್ಣೀರಿನಲ್ಲಿ ದೇಹ ಹೇಗೆ ವರ್ತಿಸುತ್ತದೆ ಎಂಬುದನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು. ಅವರು ಹೇಳಿಕೊಡುವ ಲೆಕ್ಕ ಹೀಗಿದೆ: ಏದುಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಚಳಿಯಿಂದ ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ಬಿದ್ದೊಡನೆ ಸಾವು ಬಂತೆಂದು ಗಾಬರಿಯಾಗದೆ, ಮೊದಲ ನಿಮಿಷ ಉಸಿರಾಟವನ್ನು ಮಾತ್ರ ನೋಡಿಕೊಂಡು, ನಂತರ ತಾನು ಬಂದ ದಿಕ್ಕಿಗೇ ತಿರುಗಬೇಕು. ಅಷ್ಟು ದೂರದ ಗಡ್ಡೆ ತನ್ನ ಭಾರವನ್ನು ತಾಳಿದೆಯೆಂಬುದು ಖಚಿತ. ಕೊರಳಿಗೆ ನೇತುಹಾಕಿಕೊಂಡ ಹಿಡಿಯುಳ್ಳ ಮೊಳೆಗಳನ್ನು ಗಡ್ಡೆಗೆ ಚುಚ್ಚಿ, ಕಾಲು ಬಡಿಯುತ್ತ ಮೈಯನ್ನು ಮೇಲಕ್ಕೆಳೆದುಕೊಂಡು, ಎದ್ದು ನಿಲ್ಲದೆ ಉರುಳಿಕೊಂಡೇ ದೂರ ಸರಿಯಬೇಕು. ಆ ಮೊಳೆಗಳು ಅಗ್ಗದ ವಸ್ತು. ನೀರಿನಲ್ಲಿ ತೇಲಿಸುವ ಚಳಿ ಅಂಗಿಯೂ ಸಿಗುತ್ತದೆ. ಅವನ ಹುಟ್ಟುಹಬ್ಬಕ್ಕೆ ಎರಡನ್ನೂ ನೀವೇ ಕೊಡಿಸಬಹುದು.

ಪ್ರಶ್ನೆ: ಈ ಯಂತ್ರವನ್ನು ಕಂಡುಹಿಡಿದವರು ಯಾರು? ಬೈಕ್ ಓಡಿಸಲು ಬಂದರೆ ಇದನ್ನೂ ಓಡಿಸಬಹುದೇ?
— ಮೆಕ್ಯಾನಿಕಲ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಹಿಮವಾಹನ ತಯಾರಿಸಲು ಹಲವರು ಹಲವೆಡೆ ಯತ್ನಿಸಿದ್ದರು. ಆದರೂ ಈ ಯಂತ್ರದ ಚರಿತ್ರೆಯಲ್ಲಿ ದೊಡ್ಡ ಹೆಸರು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಸಣ್ಣ ಊರಿನ ಮೆಕ್ಯಾನಿಕ್ ಜೋಸೆಫ್ ಅರ್ಮಾಂ ಬೊಂಬಾರ್ಡಿಯೇ ಅವರದು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗನಿಗೆ ಅಪೆಂಡಿಸೈಟಿಸ್ ಉಲ್ಬಣಿಸಿತು. ರಸ್ತೆಗಳೆಲ್ಲ ಹಿಮದಲ್ಲಿ ಹೂತಿದ್ದರಿಂದ ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಹಿಮದಲ್ಲಿ ಓಡುವ ಬಂಡಿಗಾಗಿ ಅದಕ್ಕೂ ಮೊದಲಿನಿಂದ ಪ್ರಯೋಗ ನಡೆಸಿದ್ದ ಬೊಂಬಾರ್ಡಿಯೇ, ಹಲ್ಲುಚಕ್ರ ಮತ್ತು ಪಟ್ಟಿಯಿಂದ ನಡೆಯುವ ವ್ಯವಸ್ಥೆಗೆ 1937ರಲ್ಲಿ ಪೇಟೆಂಟ್ ಪಡೆದು, ಏಳು ಜನ ಕೂರುವ ಹಿಮಬಂಡಿಯನ್ನು ಮಾರುಕಟ್ಟೆಗೆ ತಂದರು. ವೈದ್ಯರು, ಅಂಚೆಯವರು, ಶಾಲೆಗೆ ಹೋಗುವ ಮಕ್ಕಳು ಅದರಲ್ಲಿ ಓಡಾಡಿದರು. ಒಬ್ಬಿಬ್ಬರು ಕೂರುವ ಹಗುರ ‘ಸ್ಕಿ-ಡೂ’ ಬಂದದ್ದು 1959ರಲ್ಲಿ; ಮೋಜಿನ ಸವಾರಿ ಹಬ್ಬಿದ್ದು ಅಲ್ಲಿಂದ ಮುಂದೆ. 1968ರಲ್ಲಿ ಮಿನೆಸೋಟಾದ ರಾಲ್ಫ್ ಪ್ಲೇಸ್ಟೆಡ್ ಮತ್ತು ಸಂಗಡಿಗರು ಸ್ನೋಮೊಬೈಲಿನಲ್ಲಿಯೇ ಉತ್ತರ ಧ್ರುವವನ್ನು ಮುಟ್ಟಿದರು. ಒಂದು ಮಗುವಿನ ಸಾವಿನ ನೆನಪು ಹೊತ್ತ ಯಂತ್ರ ಇಂದು ಬಹುಮಟ್ಟಿಗೆ ಆಟದ ಸಾಮಾನಾಗಿದ್ದರೂ, ಉತ್ತರದ ಹಳ್ಳಿಗಳಲ್ಲಿ ಈಗಲೂ ಅದು ರೋಗಿಯನ್ನು ಒಯ್ಯುವ, ಸೌದೆ ತರುವ ಬಂಡಿಯೇ ಹೌದು.

ರಚನೆ ನೀವು ಸುಲಭವಾಗಿ ಹಿಡಿಯಬಲ್ಲಂಥದು. ಮುಂದೆ ತಿರುಗಿಸಲು ಎರಡು ಸ್ಕೀಗಳು (ಹಿಮದ ಮೇಲೆ ಜಾರುವ ಉದ್ದನೆಯ ಹಲಗೆಗಳು), ಹಿಂದೆ ನೂಕಲು ಒಂದು ಅಗಲವಾದ ರಬ್ಬರ್ ಪಟ್ಟಿ. ಗೇರ್ ಬದಲಿಸುವ ಕೆಲಸವಿಲ್ಲ. ಎಂಜಿನ್ ವೇಗ ಏರಿದಂತೆ ಕ್ಲಚ್ಚಿನ ಎರಡು ತಟ್ಟೆಗಳು ಹತ್ತಿರವಾಗಿ ನಡುವಿನ ಬೆಲ್ಟನ್ನು ಮೇಲಕ್ಕೆ ಒತ್ತುತ್ತವೆ, ಅನುಪಾತ ತಾನಾಗಿ ಬದಲಾಗುತ್ತದೆ. ನಮ್ಮ ಸ್ಕೂಟರುಗಳಲ್ಲಿರುವುದೂ ಇದೇ ತತ್ವ. ಇನ್ನೂರು ಕಿಲೋಗ್ರಾಂ ಮೀರಿದ ಭಾರವನ್ನು ಪಟ್ಟಿ ಅಗಲಕ್ಕೆ ಹಂಚುವುದರಿಂದ, ಮನುಷ್ಯ ತೊಡೆಯವರೆಗೆ ಹೂತುಹೋಗುವ ಪುಡಿಹಿಮದ ಮೇಲೂ ವಾಹನ ತೇಲಿಕೊಂಡು ಹೋಗುತ್ತದೆ. ಅಪಾಯದ ಒಂದು ಬೇರೂ ಇಲ್ಲೇ ಇದೆ. ಒಂದು ಗಂಟೆಯಲ್ಲಿ ಐವತ್ತು ಕಿಲೋಮೀಟರ್ ಒಳಗೆ ಹೋದ ಮೇಲೆ ಬೆಲ್ಟ್ ಹರಿದರೆ, ಅಷ್ಟು ದೂರವನ್ನು ಅದೇ ಹಿಮದಲ್ಲಿ ನಡೆದು ಬರಲು ಯಾರಿಂದಲೂ ಆಗದು. ಆದ್ದರಿಂದಲೇ ತಿಳಿದವರು ಬಿಡಿ ಬೆಲ್ಟ್, ಬೆಂಕಿ ಹೊತ್ತಿಸುವ ಸಾಮಗ್ರಿ, ಉಪಗ್ರಹ ಸಂದೇಶದ ಉಪಕರಣ ಇಲ್ಲದೆ ಹೊರಡುವುದಿಲ್ಲ, ಒಂಟಿಯಾಗಿಯಂತೂ ಹೋಗುವುದೇ ಇಲ್ಲ.

ಬೈಕಿನ ಅಭ್ಯಾಸ ನೆರವಾಗುವುದಕ್ಕಿಂತ ಮೋಸ ಮಾಡುವುದೇ ಹೆಚ್ಚು. ಇದರ ಥ್ರಾಟಲ್ ತಿರುಗಿಸುವಂಥದಲ್ಲ, ಬಲಗೈ ಹೆಬ್ಬೆರಳಿನಿಂದ ಒತ್ತುವಂಥದು. ಹೆದರಿದಾಗ ನಾವು ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತೇವೆ. ಹೊಸಬರು ಹಾಗೆ ಹಿಡಿಯುವಾಗ ಹೆಬ್ಬೆರಳೂ ಒತ್ತಿಕೊಂಡು ವಾಹನ ಮರದ ಕಡೆಗೆ ಇನ್ನಷ್ಟು ಜೋರಾಗಿ ನುಗ್ಗುತ್ತದೆ. ವಾಲಿದಾಗ ಕಾಲು ಕೊಡುವುದು ಬೈಕ್ ಸವಾರರ ಸಹಜ ಚಟ, ಇಲ್ಲಿ ಹಾಗೆ ಮಾಡಿದರೆ ಕಾಲು ಅಷ್ಟು ಭಾರದಡಿ ಸಿಕ್ಕಿಕೊಳ್ಳುತ್ತದೆ. ಸವಾರ ಬಿದ್ದೊಡನೆ ಎಂಜಿನ್ ನಿಲ್ಲಿಸುವ ದಾರವನ್ನು ಅಂಗಿಗೆ ಸಿಕ್ಕಿಸಿಕೊಳ್ಳುವುದನ್ನು ಯಾರೂ ಮರೆಯಬಾರದು. ಮಿನೆಸೋಟಾದಲ್ಲಿ 1976ರ ನಂತರ ಹುಟ್ಟಿದ ನಿವಾಸಿಗಳು ಸುರಕ್ಷಾ ತರಬೇತಿಯ ಪ್ರಮಾಣಪತ್ರವಿಲ್ಲದೆ ಇದನ್ನು ಓಡಿಸುವಂತಿಲ್ಲ, ಆ ನಿಯಮ ಸರಿಯಾಗಿಯೇ ಇದೆ.

ಪ್ರಶ್ನೆ: ಹಿಮಕುಸಿತದಲ್ಲಿ ಹೂತವರನ್ನು ಹದಿನೈದು ನಿಮಿಷದೊಳಗೆ ತೆಗೆಯಬೇಕೆಂದು ಓದಿದೆ. ಆದರೆ ನಮ್ಮ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ ಅವರು ಆರು ದಿನ ಜೀವ ಹಿಡಿದಿದ್ದರಲ್ಲವೇ?
— ನಿವೃತ್ತ ಶಿಕ್ಷಕ, ಧಾರವಾಡ

ಉತ್ತರ: ನಿಮ್ಮ ಪ್ರಶ್ನೆ ನಮ್ಮೆಲ್ಲರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿರುವ ನೋವನ್ನು ಮುಟ್ಟುತ್ತದೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಆರು ದಿನಗಳ ಬಳಿಕ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪನವರು ಮಾತ್ರ ಉಸಿರಾಡುತ್ತಿರುವುದು ಕಂಡಿತು. ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಅವರು ಡೇರೆಯೊಳಗಿದ್ದರು, ಅದರಲ್ಲಿ ಉಳಿದ ಗಾಳಿಯ ಪೊಳ್ಳು ಅಷ್ಟು ದಿನ ಅವರನ್ನು ಕಾಪಾಡಿತು. ಬಯಲಿನಲ್ಲಿ ಸ್ನೋಮೊಬೈಲಿನ ಮೇಲಿರುವವನಿಗೆ ಆ ಪೊಳ್ಳು ಸಿಗುವುದಿಲ್ಲ. ಉರುಳಿ ಬಂದ ಹಿಮ ನಿಂತೊಡನೆ ಸಿಮೆಂಟಿನಂತೆ ಬಿಗಿದುಕೊಂಡು ಬೆರಳನ್ನೂ ಅಲುಗಾಡಿಸಲು ಬಿಡುವುದಿಲ್ಲ. ಬಿಟ್ಟ ಉಸಿರಿನ ತೇವ ಮುಖದ ಮುಂದೆ ಗಟ್ಟಿಯಾಗಿ, ಗಾಳಿ ಒಳಬರುವ ದಾರಿಯನ್ನು ಮುಚ್ಚುತ್ತದೆ. ಸ್ವಿಟ್ಜರ್ಲೆಂಡಿನ ಹಳೆಯ ದಾಖಲೆಗಳ ಪ್ರಕಾರ ಮೊದಲ ಹದಿನೈದು ನಿಮಿಷದಲ್ಲಿ ಹೊರತೆಗೆದ ಹತ್ತರಲ್ಲಿ ಒಂಬತ್ತು ಮಂದಿ ಬದುಕಿದರೆ, ಮೂವತ್ತೈದು ನಿಮಿಷವಾಗುವಷ್ಟರಲ್ಲಿ ಆ ಸಂಖ್ಯೆ ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಅಷ್ಟು ಬೇಗ ಹೊರಗಿನ ನೆರವು ಬೆಟ್ಟಕ್ಕೆ ಬರುವುದಿಲ್ಲ. ತೆಗೆಯಬೇಕಾದವರು ಜೊತೆಯಲ್ಲಿ ಬಂದವರೇ.

ಹಿಮ ಕುಸಿಯುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ. ಕಡಿದಾದ ಬೆಟ್ಟವನ್ನು ಯಾರು ಹೆಚ್ಚು ಎತ್ತರಕ್ಕೆ ಏರಿಸಿ ತಿರುಗಿ ಬರುತ್ತಾರೆ ಎಂಬ ಪಂದ್ಯ ಸ್ನೋಮೊಬೈಲ್ ಸವಾರರಿಗೆ ಬಹಳ ಪ್ರಿಯ, ಅದನ್ನು ಆಡುವುದೂ ಸರಿಯಾಗಿ ಆ ಇಳಿಜಾರುಗಳಲ್ಲೇ. ಮೇಲಿನ ಹೊಸ ಹಿಮದ ಹಾಸು ಒಳಗಿನ ಸಡಿಲ ಪದರದ ಮೇಲೆ ಕುಳಿತಿದ್ದರೆ ಒಂದು ವಾಹನದ ಭಾರವೇ ಅದನ್ನು ಕಳಚಲು ಸಾಕು. 2008ರ ಡಿಸೆಂಬರ್ 28ರಂದು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಸ್ಪಾರ್‌ವುಡ್ ಊರಿನ ಹನ್ನೊಂದು ಮಂದಿ ಸವಾರರು ಫರ್ನಿ ಬಳಿಯ ಬೆಟ್ಟಗಳಿಗೆ ಹೋಗಿದ್ದರು. ಮೊದಲ ಕುಸಿತಕ್ಕೆ ಏಳು ಮಂದಿ ಸಿಕ್ಕಿದರು. ಉಳಿದ ನಾಲ್ವರು ಅವರನ್ನು ಅಗೆದು ತೆಗೆಯಲು ಧಾವಿಸಿದಾಗ ಮತ್ತೊಂದು ಕುಸಿತ ಬಂದು ಅವರನ್ನೂ ಮುಚ್ಚಿತು. ಎಂಟು ಮಂದಿ ಸತ್ತರು. ಆ ಗೆಳೆಯರು ಧಾವಿಸಿದ್ದು ತಪ್ಪೆಂದು ಯಾರೂ ಹೇಳಲಾರರು. ಆದರೆ ಅಲ್ಲಿನ ತರಬೇತುದಾರರು ಒತ್ತಿ ಹೇಳುವ ಪಾಠಗಳಿಗೆ ಇಂಥ ದುರಂತಗಳೇ ಆಧಾರ: ಇಳಿಜಾರಿನ ಮೇಲೆ ಒಮ್ಮೆಗೆ ಒಬ್ಬನೇ ಇರಬೇಕು, ಒಬ್ಬನ ವಾಹನ ಅಲ್ಲಿ ಸಿಕ್ಕಿಕೊಂಡರೆ ಇನ್ನೊಬ್ಬ ವಾಹನ ಏರಿಸಿಕೊಂಡು ಹೋಗಬಾರದು, ಉಳಿದವರು ಹಿಮ ಬಂದು ಬೀಳುವ ಜಾಗದಲ್ಲಿ ವಾಹನ ನಿಲ್ಲಿಸಿ ನೋಡುತ್ತಿರಬಾರದು. ಸಂಕೇತ ಹೊರಡಿಸುವ ಟ್ರಾನ್ಸೀವರ್ ಪ್ರತಿಯೊಬ್ಬನ ಮೈಮೇಲೆ ಇರಬೇಕು, ಚುಚ್ಚಿ ನೋಡುವ ಉದ್ದ ಸರಳು ಮತ್ತು ಸಲಿಕೆ ಬೆನ್ನಿನ ಚೀಲದಲ್ಲಿರಬೇಕು. ವಾಹನದ ಪೆಟ್ಟಿಗೆಯಲ್ಲಿಟ್ಟರೆ ವಾಹನದ ಜೊತೆ ಅವೂ ಹೂತುಹೋಗುತ್ತವೆ. ಅಂದಿನ ಹಿಮಕುಸಿತ ಮುನ್ಸೂಚನೆ ಕೆಟ್ಟದಾಗಿದ್ದರೆ ಬೆಟ್ಟವನ್ನು ಬಿಟ್ಟು ಕಾಡಿನ ಸಮತಟ್ಟು ಹಾದಿಗೆ ಹೋಗುವುದೇ ಸರಿ.

ಪ್ರಶ್ನೆ: ಪ್ರಶಾಂತವಾದ ಹಿಮದ ಕಾಡಿನಲ್ಲಿ ಹೊಗೆ, ಸದ್ದು ಎಬ್ಬಿಸುವುದು ಎಷ್ಟು ಸರಿ?
— ಓದುಗರು, ಶಿರಸಿ

ಉತ್ತರ: ನಿಮ್ಮ ಆಕ್ಷೇಪದಲ್ಲಿ ತಿರುಳಿದೆ. ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದ ಪಶ್ಚಿಮ ದ್ವಾರದಲ್ಲಿ ಇಪ್ಪತ್ತು ವರ್ಷಗಳಿಗೂ ಹಿಂದೆ ಸ್ನೋಮೊಬೈಲುಗಳ ಹೊಗೆ ತಾಳಲಾರದೆ ಸಿಬ್ಬಂದಿ ಮುಖಗವಸು ತೊಟ್ಟು ಕೆಲಸ ಮಾಡಬೇಕಾಯಿತು. ದೀರ್ಘ ವ್ಯಾಜ್ಯದ ನಂತರ 2013ರಲ್ಲಿ ಬಂದ ನಿಯಮಗಳು ದಿನಕ್ಕೆ ಇಷ್ಟೇ ತಂಡಗಳೆಂದು ಮಿತಿ ಹಾಕಿ, ಕಡಿಮೆ ಹೊಗೆ ಮತ್ತು ಸದ್ದಿನ ವಾಹನಗಳಿಗೆ ಮಾತ್ರ ಪ್ರವೇಶ ನೀಡುತ್ತವೆ. ಪೂರ್ಣ ನಿಷೇಧಕ್ಕಿಂತ ಇಂಥ ಮಿತಿಯೇ ಉತ್ತಮವೆಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಜನವರಿಯಲ್ಲಿ ಪತ್ನಿ ಮತ್ತು ಹತ್ತು ವರ್ಷದ ಮಗಳ ಜೊತೆ ಗುಲ್ಮಾರ್ಗಿಗೆ ಹೋಗುತ್ತಿದ್ದೇವೆ. ಅಲ್ಲಿ ಸ್ನೋಮೊಬೈಲ್ ಸವಾರಿ ಮಾಡಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ಖಂಡಿತ ಮಾಡಬಹುದು. ಗುಲ್ಮಾರ್ಗಿನಲ್ಲಿ, ಗೊಂಡೋಲಾದ (ಬೆಟ್ಟ ಏರುವ ಕೇಬಲ್ ಕಾರಿನ) ಮೊದಲ ಹಂತವಾದ ಕೊಂಗ್‌ಡೋರಿಯಲ್ಲಿ ಪ್ರವಾಸಿಗರಿಗೆ ಸಾಮಾನ್ಯವಾಗಿ ಸಿಗುವುದು ಸ್ಥಳೀಯ ಸವಾರನ ಜೊತೆ ಕುಳಿತು ಮಾಡುವ ಸಣ್ಣ ಸುತ್ತು. ಅಲ್ಲಿನ ಹಿಮವನ್ನು ಬಲ್ಲವನ ಕೈಯಲ್ಲೇ ಹ್ಯಾಂಡಲ್ ಇರಲಿ, ವಿಡಿಯೊಗಾಗಿ ‘ಒಂದು ಸಲ ನಾನೇ ಓಡಿಸುತ್ತೇನೆ’ ಎಂದು ಕೇಳಬೇಡಿ. ದರವನ್ನೂ ಎಷ್ಟು ದೂರ ಕರೆದೊಯ್ಯುತ್ತಾರೆಂಬುದನ್ನೂ ಹತ್ತುವ ಮೊದಲೇ ಮಾತಾಡಿಕೊಳ್ಳಿ. ಹೆಲ್ಮೆಟ್ ಕೇಳಿ ಪಡೆಯಿರಿ. ಕೊಡದಿದ್ದರೆ ಬೇರೆಯವರನ್ನು ಹುಡುಕಿ. ಒಂದೇ ವಾಹನದಲ್ಲಿ ಮೂವರೂ ಕೂರುವುದು ಬೇಡ. ಸೀರೆಯ ಸೆರಗು, ದುಪಟ್ಟಾ, ಉದ್ದ ಮಫ್ಲರ್ ಪಟ್ಟಿಗೆ ಸಿಕ್ಕಿ ಕೊರಳಿಗೆ ಬಿಗಿಯುವ ಭಯವಿರುವುದರಿಂದ ಅವನ್ನು ಕೋಟಿನೊಳಗೆ ಸೇರಿಸಿ ಜಿಪ್ ಎಳೆದುಕೊಳ್ಳಿ. ಗರ್ಭಿಣಿಯರು ಮತ್ತು ಬೆನ್ನುನೋವಿರುವವರು ಸವಾರಿಯನ್ನು ಬಿಡುವುದೇ ಮೇಲು, ಕುಲುಕಾಟ ಕಾಣುವುದಕ್ಕಿಂತ ಹೆಚ್ಚಿರುತ್ತದೆ.

ಚಳಿಯನ್ನು ಹಗುರವಾಗಿ ಎಣಿಸಬೇಡಿ. ಉಷ್ಣತೆ ಮೈನಸ್ 10 ಡಿಗ್ರಿ ಇದ್ದು ನೀವು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಸಾಗಿದರೆ ತೆರೆದ ಚರ್ಮಕ್ಕೆ ತಾಗುವ ಚಳಿ ಸುಮಾರು ಮೈನಸ್ 22 ಡಿಗ್ರಿಗೆ ಸಮ. ಮಗಳ ಕೆನ್ನೆ, ಮೂಗು, ಕಿವಿ, ಬೆರಳುಗಳನ್ನು ಆಗಾಗ ನೋಡುತ್ತಿರಿ. ಅವು ಬಿಳಿಚಿ ಜೋಮು ಹಿಡಿದರೆ ಒಳಗೆ ಕರೆದೊಯ್ದು ಬೆಚ್ಚಗೆ ಮಾಡಿ, ಹಿಮದಿಂದಾಗಲಿ ಕೈಯಿಂದಾಗಲಿ ಉಜ್ಜಬೇಡಿ. ಗೊಂಡೋಲಾದ ಎರಡನೆಯ ಹಂತದಿಂದ ಅಫರ್ವಟ್ ಬೆಟ್ಟದ ಮೇಲಿನ ತೆರೆದ ಇಳಿಜಾರುಗಳಲ್ಲಿ ಹಿಮಕುಸಿತದಿಂದ ಸ್ಕೀ ಆಟಗಾರರು ಸತ್ತ ಘಟನೆಗಳು ಇತ್ತೀಚಿನ ವರ್ಷಗಳಲ್ಲೂ ನಡೆದಿವೆ. ಆದ್ದರಿಂದ ಹಗ್ಗ ಕಟ್ಟಿ ಗುರುತಿಸಿದ ಜಾಗವನ್ನು ದಾಟಿ ಕರೆದೊಯ್ಯುತ್ತೇನೆಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳಬೇಡಿ. ಪ್ರವಾಸ ವಿಮೆ ಮಾಡಿಸಿದ್ದರೆ, ಸಾಹಸ ಕ್ರೀಡೆಯ ಗಾಯಗಳಿಗೆ ಅದು ಅನ್ವಯಿಸುತ್ತದೆಯೇ ಎಂದು ಪಾಲಿಸಿಯಲ್ಲಿ ಓದಿಕೊಂಡು, ಇಲ್ಲವೆಂದಿದ್ದರೆ ಹೊರಡುವ ಮೊದಲೇ ಕಂಪನಿಯನ್ನು ಕೇಳಿ ಸೇರಿಸಿಕೊಳ್ಳಿ.