ಹಳೆಯ ವರ್ಕ್‌ಮೇಟ್ ತರಲೇ, ಹೊಸ ಮಡಚುವ ಮೇಜು ಕೊಳ್ಳಲೇ?

ಕುವೈತಿನಿಂದ ಮರಳಿದವರೊಬ್ಬರು ಉಡುಪಿಯಲ್ಲಿ ಹಳೆಯ ಬ್ಲ್ಯಾಕ್ ಆ್ಯಂಡ್ ಡೆಕ್ಕರ್ ವರ್ಕ್‌ಮೇಟನ್ನು (ಮರಗೆಲಸಕ್ಕೆ ತುಂಡನ್ನು ಕಚ್ಚಿ ಹಿಡಿಯುವ ಮಡಚುವ ಮೇಜು) 4,000 ರೂಪಾಯಿಗೆ ಕೊಡುತ್ತಾರೆ, ಆದರೆ ಮೇಲಿನ ಹಲಗೆ ಹಾಳಾಗಿದೆ, ಅಷ್ಟೇ ದುಡ್ಡಿಗೆ ಆನ್‌ಲೈನ್‌ನಲ್ಲಿ ಹೊಸತೇ ಸಿಗುತ್ತದೆ ಎಂದು ಬರೆದಿದ್ದೀರಿ. ಹಾಳಾಗಿರುವುದು ಹಲಗೆ ಮಾತ್ರ ಎಂದಾದರೆ ಹಳೆಯದನ್ನೇ ತನ್ನಿ. ಆ ಹಲಗೆ ನಿಮಗೆ ಚೌಕಾಸಿಗೆ ಸಿಕ್ಕ ಅಸ್ತ್ರ.

ನಾನು ಮೊದಲು ಕೊಂಡದ್ದು ಹೊಸತನ್ನೇ. ಹಗುರ, ಅಗ್ಗ. ಒಂದು ಮಳೆಗಾಲ ಜಗಲಿಯ ಮೂಲೆಯಲ್ಲಿ, ಇರಚಲು ಬೀಳುವಲ್ಲಿ ಇಟ್ಟಿದ್ದೆ. ನವರಾತ್ರಿಯ ಹೊತ್ತಿಗೆ ಬಿಡಿಸಿ ನೋಡಿದರೆ ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಅಂಚುಗಳು ನೆನೆಹಾಕಿದ ಅವಲಕ್ಕಿಯಂತೆ ಉಬ್ಬಿದ್ದವು. ಅದಕ್ಕೂ ಮುಂಚೆಯೇ ಇನ್ನೊಂದು ಕಿರಿಕಿರಿ ಇತ್ತು: ಹಲಸಿನ ಹಲಗೆಗೆ ಉಳಿ ಹಾಕಿ ಬಡಿದರೆ ಮೇಜು ಅಂಗಳದಲ್ಲೆಲ್ಲ ನಡೆದಾಡುತ್ತಿತ್ತು. ಹಳೆಯದರ ಭಾರವನ್ನು ದೋಷವೆಂದು ಎಣಿಸಬೇಡಿ, ಅದಿರುವುದೇ ಒಳ್ಳೆಯದಕ್ಕೆ.

ವರ್ಕ್‌ಮೇಟನ್ನು ರೂಪಿಸಿದವನು ರಾನ್ ಹಿಕ್‌ಮನ್, ಲೋಟಸ್ ಎಲಾನ್ ಕಾರಿನ ವಿನ್ಯಾಸಕ. 1961ರಲ್ಲಿ ಬಟ್ಟೆಯ ಕಪಾಟು ಮಾಡುವಾಗ ಮರದ ಜೊತೆಗೆ ಕೆಳಗಿಟ್ಟುಕೊಂಡಿದ್ದ ಒಳ್ಳೆಯ ಕುರ್ಚಿಯನ್ನೂ ಗರಗಸದಿಂದ ಕೊಯ್ದುಬಿಟ್ಟನಂತೆ. ಈ ಮೇಜಿನ ಯೋಚನೆ ಹುಟ್ಟಿದ್ದೇ ಅದರಿಂದ. ಹಲವು ಕಂಪನಿಗಳು ಬೇಡವೆಂದ ಮೇಲೆ ತಾನೇ ತಯಾರಿಸಿ ಮಾರಿದ. ಬ್ಲ್ಯಾಕ್ ಆ್ಯಂಡ್ ಡೆಕ್ಕರ್ ತಯಾರಿಕೆಗೆ ಇಳಿದದ್ದು 1970ರ ದಶಕದಲ್ಲಿ. ಜಾಣತನವೆಲ್ಲ ಮೇಲಿನ ಎರಡು ಹಲಗೆಗಳಲ್ಲಿದೆ. ಎರಡು ತುದಿಗಳ ಸ್ಕ್ರೂಗಳು ಒಂದನ್ನೊಂದು ಕೇಳದೆ ತಿರುಗುವುದರಿಂದ ಓರೆಯಾದ ತುಂಡನ್ನೂ ಅದು ಕಚ್ಚಿ ಹಿಡಿಯುತ್ತದೆ.

ಹಾಗಾಗಿ ನೋಡಲು ಹೋಗುವಾಗ ಒಂದು ತುದಿ ಸಪೂರ ಇರುವ ರೀಪಿನ ತುಂಡೊಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ಅದನ್ನು ಸಿಕ್ಕಿಸಿ ಬಿಗಿಮಾಡಿ, ಜಗ್ಗಿ ನೋಡಿ. ಆಮೇಲೆ ಎರಡು ಹಿಡಿಕೆಗಳನ್ನೂ ಕೊನೆಯಿಂದ ಕೊನೆಗೆ ತಿರುಗಿಸಿ. ಬರೀ ತುಕ್ಕಾದರೆ ಡೀಸೆಲ್ ಹಾಕಿ ಒಂದು ರಾತ್ರಿ ಬಿಟ್ಟು, ತಂತಿಯ ಬ್ರಷ್‌ನಲ್ಲಿ ಉಜ್ಜಿ ಗ್ರೀಸ್ ಹಚ್ಚಿದರೆ ಹೆಚ್ಚಾಗಿ ಸರಿಹೋಗುತ್ತದೆ. ಒಂದು ಸುತ್ತಿನಲ್ಲಿ ಸಡಿಲ, ಮುಂದಿನ ಸುತ್ತಿನಲ್ಲಿ ಬಿಗಿ ಎನಿಸಿದರೆ ಸ್ಕ್ರೂ ಬಾಗಿದೆ, ಎದ್ದು ಬನ್ನಿ. ಕಾಲಿನ ಕೀಲುಗಳ ರಿವೆಟ್ ಸಡಿಲವಾಗಿದ್ದರೆ ಹೆದರಬೇಕಾಗಿಲ್ಲ; ಕೊರೆದು ತೆಗೆದು ಬೋಲ್ಟು, ಲಾಕ್‌ನಟ್ ಹಾಕಬಹುದು. ಆದರೆ ಹಳೆಯ ಕೆಲವು ಮಾದರಿಗಳಲ್ಲಿ ಎರಕದ ಅಲ್ಯೂಮಿನಿಯಂ ಭಾಗಗಳಿವೆ. ಅಯಸ್ಕಾಂತ ಅಂಟದ ಕಡೆಯೆಲ್ಲ ಟಾರ್ಚ್ ಬಿಟ್ಟು ಬಿರುಕು ಹುಡುಕಿ. ಗೇಟು, ಗ್ರಿಲ್ ಬೆಸೆಯುವ ನಮ್ಮೂರಿನ ವೆಲ್ಡಿಂಗ್ ಅಂಗಡಿಗಳಲ್ಲಿ ಎರಕದ ಅಲ್ಯೂಮಿನಿಯಂ ಬೆಸೆಯುವುದು ಆಗುವ ಕೆಲಸವಲ್ಲ.

ಆಮೇಲೆ ನಾನೂ ಹಳೆಯದನ್ನೇ ತಂದೆ. ಅದರ ಹಲಗೆಗೆ 12 ಮಿ.ಮೀ. ಮರೈನ್ ಪ್ಲೈವುಡ್ಡನ್ನು ಎರಡು ಪದರ ಅಂಟಿಸಿದೆ. ಮರೈನ್ ಪ್ಲೈವುಡ್ಡಿನ ಭಾರತೀಯ ಮಾನಕವಾದ ಐಎಸ್ 710ರ ಮುದ್ರೆ ನೋಡಿ ತೆಗೆದುಕೊಳ್ಳಿ. ಹಳೆಯ ಹಲಗೆಯನ್ನೇ ಅಚ್ಚಾಗಿ ಇಟ್ಟು ತೂತುಗಳನ್ನು ಗುರುತಿಸಿಕೊಳ್ಳಿ, ಕೊಯ್ದ ಅಂಚುಗಳಿಗೆ ಎರಡು ಕೈ ವಾರ್ನಿಷ್ ಕುಡಿಸಿ. ನಮ್ಮ ಆಚಾರಿಯವರು ಹೆಬ್ಬಲಸು ಹಾಕಿ ಎಂದರು. ಈಗ ಅವರ ಮಾತೇ ಸರಿ ಅನಿಸುತ್ತಿದೆ. ತುಂಡನ್ನು ಹಿಡಿಯಲು ಹಲಗೆಯ ತೂತುಗಳಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಗೂಟಗಳು ಕಳೆದುಹೋಗಿದ್ದವು, ಅವುಗಳ ಬದಲಿಗೆ ಮರದ ಗೂಟ ಕೆತ್ತಿಕೊಂಡೆ. ಕಾಲಿಗೆ ಕುರ್ಚಿಗೆ ಹಾಕುವ ರಬ್ಬರ್ ಬುಶ್ ಸಾಕು.

ನೀವಿರುವುದು ಲಿಫ್ಟಿಲ್ಲದ ಮೂರನೇ ಮಹಡಿಯಲ್ಲಿ, ಕೆಲಸ ವರ್ಷಕ್ಕೆರಡು ಸಲ ಶೆಲ್ಫ್ ಕೊಯ್ಯುವಷ್ಟೇ ಎಂದಾದರೆ ಹೊಸತನ್ನೇ ಕೊಳ್ಳಿ, ಒಳಗೆ ಒಣ ಜಾಗದಲ್ಲಿಡಿ.

ಹಳೆಯದಾದರೆ ಹಲಗೆ ತೋರಿಸಿ 2,500ಕ್ಕೆ ಕೇಳಿ, 3,000ಕ್ಕೆ ನಿಂತರೆ ಕೊಟ್ಟುಬಿಡಿ. ತರಲು ರಿಕ್ಷಾ ಮಾಡಿ. ನಾನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಬಂದವನು. ಕಲ್ಸಂಕದ ತಿರುವಿನಲ್ಲಿ ಅದು ಬಿಚ್ಚಿಕೊಂಡು ಮೊಣಕಾಲಿಗೆ ಬಡಿದದ್ದು ವಾರವಿಡೀ ನೋಯುತ್ತಿತ್ತು.